ಕೃಷ್ಣನ ಜನ್ಮಸ್ಥಾನ

ಜೈಲಿಗೆ ನಮ್ಮಲ್ಲಿ ತಮಾಷೆಯ ಹೆಸರುಗಳಿಗೇನೂ ಬರವಿಲ್ಲ. ಮಾವನ ಮನೆ ಅನ್ನುತ್ತೇವೆ, ಮುದ್ದೆ ಮುರಿಯುವ ಜಾಗ ಅನ್ನುತ್ತೇವೆ. ಸ್ವಲ್ಪ ನಯವಾಗಿ ಹೇಳಬೇಕೆಂದರೆ ಕೃಷ್ಣನ ಜನ್ಮಸ್ಥಾನ. ಗೋಕುಲಾಷ್ಟಮಿಗೆ ಚಕ್ಕುಲಿ, ಕೋಡುಬಳೆ ಕರಿದು, ಹೊಸ್ತಿಲಿನಿಂದ ದೇವರ ಮನೆಯವರೆಗೆ ಪುಟ್ಟ ಹೆಜ್ಜೆಗಳನ್ನು ಬಿಡಿಸುವಾಗ ನಮಗೆ ನೆನಪಾಗುವವಳು ಯಶೋದೆ. ಹೆತ್ತವಳು ಸೆರೆಯಲ್ಲಿದ್ದಳು, ಹೆತ್ತ ರಾತ್ರಿಯೇ ಕೂಸನ್ನು ಕಳಿಸಿಕೊಟ್ಟಳು ಎನ್ನುವುದು ಕತೆಯ ಒಂದು ತಿರುವು, ಅಷ್ಟೆ. ದೇವಕಿ ತಪ್ಪು ಮಾಡಿರಲಿಲ್ಲ, ಸರಿ. ಮಾಡಿದ್ದರೆ? ಆಗ ಅವಳಿಗೆ ಏನೇನು ಮಾಡಬಹುದಿತ್ತು, ಏನೇನು ಮಾಡಬಾರದಿತ್ತು?

ದೇವಕಿಯರು ಈಗಲೂ ಇದ್ದಾರೆ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 1,537 ತಾಯಂದಿರು 1,764 ಮಕ್ಕಳನ್ನು ಜೊತೆಗಿಟ್ಟುಕೊಂಡಿದ್ದರು. ಇಂಥ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟು 2006ರಲ್ಲಿ ಒಂದು ತೀರ್ಪು ಕೊಟ್ಟಿತು. ಆರು ವರ್ಷದವರೆಗೆ ಮಗು ತಾಯಿಯ ಹತ್ತಿರ ಇರಬಹುದು, ಅದನ್ನು ಕೈದಿಯಂತೆ ಕಾಣಕೂಡದು, ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ಬರೆಯಕೂಡದು, ಊರಿನ ವಿಳಾಸ ಮಾತ್ರ ಬರೆಯಬೇಕು ಎಂದಿತು. ಆ ತೀರ್ಪಿನಲ್ಲಿ ಬರುವ ಒಂದು ಅಧ್ಯಯನದ ಮಾತು ಓದಿದ ದಿನ ನನಗೆ ಊಟ ಸೇರಲಿಲ್ಲ. ಬರೀ ಹೆಂಗಸರ ನಡುವೆಯೇ ಬೆಳೆದ ಗಂಡುಮಕ್ಕಳು ಹೆಣ್ಣುಮಕ್ಕಳ ಹಾಗೆಯೇ ಮಾತಾಡುತ್ತಿದ್ದವಂತೆ. ತಾಯಿಯ ಜೊತೆ ಕೋರ್ಟಿಗೆ ಹೋಗುವಾಗ ಬೀದಿಯಲ್ಲಿ ಪ್ರಾಣಿಗಳನ್ನು ಕಂಡರೆ ಹೆದರುತ್ತಿದ್ದವಂತೆ. ಈ ಕೂಸುಗಳು ಯಾವ ಸೆಕ್ಷನ್ ಪ್ರಕಾರ ಒಳಗಿದ್ದವು ಹೇಳಿ!

ನಮ್ಮ ಪಕ್ಕದ ಮನೆಯಾಕೆ ಇದನ್ನೆಲ್ಲ ಒಪ್ಪುವುದಿಲ್ಲ. "ಮಕ್ಕಳ ಮಾತು ಬಿಡಿ. ಉಳಿದವರಿಗೇನ್ರೀ ಕಷ್ಟ? ಹೊತ್ತು ಹೊತ್ತಿಗೆ ಊಟ, ಮೇಲೆ ಟೀವಿ ಬೇರೆ. ನಮ್ಮ ತೆರಿಗೆ ದುಡ್ಡಲ್ಲಿ ಅಳಿಯನ ಹಾಗೆ ಸಾಕ್ತಾರೆ" ಅನ್ನುತ್ತಾರೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ನನ್ನಿಂದಾಗದು. ಸೊಸೆಯ ಮೇಲೆ ಸೀಮೆಎಣ್ಣೆ ಸುರಿದವನ ಸುದ್ದಿ, ಎಳೆಯ ಹುಡುಗಿಯನ್ನು ಕೆಡಿಸಿದವನ ಸುದ್ದಿ ಓದಿದಾಗ ನನ್ನ ಹೊಟ್ಟೆಯೂ ಕುದಿಯುತ್ತದೆ. ಆ ಕುದಿ ಇರಬೇಕು. ಅದಿಲ್ಲದಿದ್ದರೆ ದೂರು ಕೊಡುವವರೂ ಇಲ್ಲ, ಕಟಕಟೆ ಹತ್ತಿ ಸಾಕ್ಷಿ ಹೇಳುವವರೂ ಇಲ್ಲ. ಆದರೆ ನ್ಯಾಯಾಧೀಶರು ಹತ್ತು ವರ್ಷ ಅಂದರೆ ಆ ಹತ್ತು ವರ್ಷವೇ ಶಿಕ್ಷೆ. ಒದೆ ತಿನ್ನಬೇಕೆಂದಾಗಲಿ, ಹಳಸಿದ ಅನ್ನ ಉಣ್ಣಬೇಕೆಂದಾಗಲಿ, ಜ್ವರ ಬಂದರೆ ಮಾತ್ರೆ ಕೊಡಬಾರದೆಂದಾಗಲಿ ತೀರ್ಪಿನಲ್ಲಿ ಬರೆದಿರುವುದಿಲ್ಲ. ಹತ್ತು ವರ್ಷವೆಂದರೆ ಸಣ್ಣದೇ? 2020ರ ಲಾಕ್‌ಡೌನ್‌ನಲ್ಲಿ ಮೊದಲ 21 ದಿನಕ್ಕೇ, ನಮ್ಮದೇ ಮನೆ, ನಮ್ಮದೇ ಅಡುಗೆ, ಕೈಯಲ್ಲಿ ಫೋನು ಇದ್ದೂ ನಾವು ಹೇಗಾಗಿದ್ದೆವು ನೆನಪು ಮಾಡಿಕೊಳ್ಳಿ.

'ಸಂಸ್ಕಾರ' ಚಿತ್ರದ ಚಂದ್ರಿಯನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅಪರಾಧ ಸಾಬೀತಾಗಿರಲಿಲ್ಲ. ಆಕೆಗೆ ಆಸ್ತಮಾ. ಎಂಟು ತಿಂಗಳು ಉಸಿರಿಗಾಗಿ ಒದ್ದಾಡುತ್ತಲೇ ದಿನಚರಿ ಬರೆದರು, ಜೊತೆಯ ಹೆಂಗಸರಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ದನಿ ಎತ್ತಿದರು. ಒಳಗೆ ಬಂದ ಹೆಂಗಸನ್ನು ಎಲ್ಲರೆದುರಿಗೆ ಬೆತ್ತಲೆ ಮಾಡಿ ತಪಾಸಣೆ ಮಾಡುತ್ತಿದ್ದುದನ್ನು ಕಂಡು, ಸೆರೆಯೊಂದು ಸಾಲದೇ, ದೇಹಕ್ಕೂ ಅವಮಾನ ಬೇಕೇ ಎಂದು ಆ ದಿನಚರಿಯಲ್ಲಿ ಕೇಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು. ಮರಣದಂಡನೆಯನ್ನು ಯಾವ ಕೋರ್ಟೂ ವಿಧಿಸಿರಲಿಲ್ಲ, ನೋಡಿ. ಆ ಹಳೆಯ ಜೈಲಿನ ಜಾಗವೇ ಈಗ ಫ್ರೀಡಂ ಪಾರ್ಕ್.

ಆಕೆ ಹೋದ ಮರುವರ್ಷ, 1978ರಲ್ಲಿ, ಸುನಿಲ್ ಬಾತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತು ಅವರ ಜೊತೆಯವರು, ಜೈಲಿನ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳೆಲ್ಲ ಕಳಚಿಬೀಳುವುದಿಲ್ಲ ಎಂದರು. ಹಾಗೆಂದು ಎಲ್ಲ ಬದಲಾಯಿತೇ? ಕೈದಿಗಳಿಗೆ ಜಾತಿ ನೋಡಿ ಅಡುಗೆ, ಗುಡಿಸುವ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಲು 2024 ಬರಬೇಕಾಯಿತು.

ಇನ್ನೊಂದು ವಿಷಯ ನಮ್ಮ ಪಕ್ಕದ ಮನೆಯಾಕೆಗೂ ಗೊತ್ತಿರಲಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರಿಗೆ ತೀರ್ಪೇ ಆಗಿರಲಿಲ್ಲ. ಎಷ್ಟೋ ಮಂದಿಗೆ ಜಾಮೀನು ಸಿಕ್ಕರೂ ಶ್ಯೂರಿಟಿಗೆ ನಿಲ್ಲುವವರು ಇರುವುದಿಲ್ಲ. ಪಹಣಿ ಇದ್ದವನು ಮನೆಗೆ ಹೋಗುತ್ತಾನೆ, ಇಲ್ಲದವನು ಒಳಗೇ ಕೊಳೆಯುತ್ತಾನೆ. ಇದಕ್ಕೆ ಶಿಕ್ಷೆ ಅನ್ನುವುದೋ ಬಡತನ ಅನ್ನುವುದೋ?

ಹೆಂಗಸರು ಅಲ್ಲಿ ನೂರಕ್ಕೆ ನಾಲ್ಕು ಮಂದಿ. ಗಂಡಸು ಜೈಲಿಗೆ ಹೋದರೆ ಹೆಂಡತಿಯೋ ತಾಯಿಯೋ ಬಸ್ಸು ಹತ್ತಿ, ಗೇಟಿನ ಮುಂದೆ ಕಾದು ಮುಖ ನೋಡಿ ಬರುತ್ತಾಳೆ. ಹೆಂಗಸು ಹೋದರೆ ಬಾಗಿಲು ಎರಡು ಕಡೆಯಿಂದ ಮುಚ್ಚುತ್ತದೆ, ಜೈಲಿನದೂ ಮನೆಯದೂ. ಜೈಲಿನ ಬಾಗಿಲಿಗಾದರೂ ತೆರೆಯುವ ತಾರೀಖು ಇರುತ್ತದೆ.

ಹೋದ ವರ್ಷ ಅಂಥವಳೊಬ್ಬಳು ನಮ್ಮೂರಿನ ಮಹಿಳಾ ಸಮಾಜಕ್ಕೆ ಕೆಲಸ ಕೇಳಿಕೊಂಡು ಬಂದಳು. ಒಳಗೆ ಹೊಲಿಗೆ ಕಲಿತಿದ್ದಳು. ಇವಳು ಹೋದ ಎರಡನೇ ವರ್ಷಕ್ಕೇ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಸಭೆಯಲ್ಲಿ ಮೊದಲ ಪ್ರಶ್ನೆಯೇ, "ಏನು ಮಾಡಿ ಹೋಗಿದ್ದಳಂತೆ?" ನನಗೆ ಗೊತ್ತಿತ್ತು, ಹೇಳಲಿಲ್ಲ. "ಅದನ್ನು ಕೋರ್ಟು ಕೇಳಿ ಮುಗಿಸಿದೆ, ನಾವು ಕೇಳಬೇಕಾದ್ದು ರವಿಕೆ ಹೊಲೀತಾಳಾ ಅಂತ" ಎಂದೆ. "ಅಷ್ಟು ಕರುಣೆ ಇದ್ದರೆ ನಿಮ್ಮನೇಲೇ ಇಟ್ಕೊಳ್ಳಿ" ಅಂದರು ಒಬ್ಬರು. ಒರಟು ಮಾತು, ಆದರೆ ನ್ಯಾಯವಾದದ್ದೇ. ಮನೆಯಲ್ಲಿ ಬೆಳೆದ ಮಗಳಿದ್ದಾಳೆ, ನನಗೂ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಮೂರನೆಯ ದಿನ ಜಗಲಿಯ ಮೇಲೆ ಹಳೆಯ ಮೆಷಿನ್ ಇಳಿಸಿದೆವು. ಹೊಲಿಗೆ ಅಚ್ಚುಕಟ್ಟು, ಮಾತು ಕಡಿಮೆ. ಮೊನ್ನೆ ರೇಷನ್ ಕಾರ್ಡಿಗೆ ಅರ್ಜಿ ತುಂಬಿಸಲು ಬಂದಳು. ಗಂಡನ ಮನೆಯ ಕಾರ್ಡಿನಿಂದ ಅವಳ ಹೆಸರು ಯಾವಾಗಲೋ ತೆಗೆಸಿದ್ದರು. ಹೆಸರು, ವಯಸ್ಸು ಬರೆದೆ. ವಿಳಾಸದ ಕಡೆ ಬೆರಳಿಟ್ಟು, "ಇಲ್ಲಿಗೇನು ಬರೀತೀರಮ್ಮ?" ಅಂದಳು. ನಮ್ಮ ಮನೆಯ ನಂಬರು ಬರೆದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ ನೋಡಿದರು, ಏನೂ ಅನ್ನಲಿಲ್ಲ.