ದಾದಿಯರ ಋಣ ಹೊಗಳಿಕೆಯಿಂದ ತೀರುವುದೇ?

ದುರಂತ ಸಂಭವಿಸಿದಾಗ ಜನರು ಜೀವ ಉಳಿಸಿಕೊಳ್ಳಲು ಓಡುತ್ತಾರೆ. ಅದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಅಪಾಯದ ನಡುವೆಯೇ ನಿಂತು ದುಡಿಯಬೇಕಾದವರೂ ಇದ್ದಾರೆ. ಅವರಲ್ಲಿ ದಾದಿಯರು ಪ್ರಮುಖರು. ಅವರು ಪ್ರಾಣ ಕಳೆದುಕೊಂಡರೆ ನಾವು ಅದನ್ನು ತ್ಯಾಗವೆಂದು ಕೊಂಡಾಡುತ್ತೇವೆ. ಆದರೆ ಇನ್ನೊಬ್ಬರ ತ್ಯಾಗವನ್ನು ನಿರೀಕ್ಷಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು. ಕೇರಳದಿಂದ ಹೋಗಿದ್ದ ಇಬ್ಬರು ಯುವ ದಾದಿಯರು ತಮ್ಮ ವಾರ್ಡಿನ ಎಂಟು ರೋಗಿಗಳನ್ನು ಪಾರು ಮಾಡಿದರು. ಒಂಬತ್ತನೆಯ ರೋಗಿಯನ್ನು ಕರೆತರಲು ಹೋದವರು ಮರಳಿ ಬರಲಿಲ್ಲ. ಅವರ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಬೆಂಕಿ ಹುಟ್ಟಿದ್ದು ಕಟ್ಟಡದ ನೆಲಮಾಳಿಗೆಯಲ್ಲಿ, ಅಲ್ಲಿ ಪೇರಿಸಿಟ್ಟಿದ್ದ ಸಾಮಾನುಗಳ ನಡುವೆ ಎಂಬುದನ್ನು ಮರೆಯಬಾರದು. ಯಾರದೋ ನಿರ್ಲಕ್ಷ್ಯದ ಬೆಲೆಯನ್ನು ಆ ಇಬ್ಬರು ಹೆಣ್ಣುಮಕ್ಕಳು ತೆತ್ತರು. ಅದನ್ನು ಬರೀ ತ್ಯಾಗವೆಂದು ಕರೆದರೆ ನಿರ್ಲಕ್ಷ್ಯ ತೋರಿದವರು ಸುಲಭವಾಗಿ ಪಾರಾಗುತ್ತಾರೆ.

ನಮ್ಮ ನೆರೆಯ ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಚೂರಲ್‌ಮಲೆಯ ಸೇತುವೆ ಕೊಚ್ಚಿಹೋಯಿತು. ಗಾಯಾಳುಗಳು ಆಚೆ ದಡದಲ್ಲಿದ್ದರು. ಗೂಡಲೂರಿನ ನರ್ಸ್ ಸಬೀನಾ ಔಷಧಿ ಪೆಟ್ಟಿಗೆಯೊಂದಿಗೆ, ಉಕ್ಕಿ ಹರಿಯುತ್ತಿದ್ದ ಹೊಳೆಯನ್ನು ಹಗ್ಗಕ್ಕೆ ಜೋತುಬಿದ್ದು ದಾಟಿದರು. 30ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ನೀಡಿದರು. ತಮಿಳುನಾಡು ಸರಕಾರ ಕಲ್ಪನಾ ಚಾವ್ಲಾ ಪ್ರಶಸ್ತಿ ನೀಡಿ ಅವರನ್ನು ಗೌರವಿಸಿತು. ಜನರ ನೆನಪಿನಲ್ಲಿ ಉಳಿದದ್ದು ಹಗ್ಗದ ದೃಶ್ಯ. ಆದರೆ ಆಚೆ ದಡ ಸೇರಿದ ಮೇಲೆ ಗಾಯಾಳುಗಳಿಗೆ ಬೇಕಾದದ್ದು ಧೈರ್ಯ ಮಾತ್ರವಲ್ಲ, ಕೆಲಸ ಬಲ್ಲ ಕೈಗಳು.

ಆ ಕೆಲಸ ಎಷ್ಟು ಕಠಿಣವೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಸಾಮಾನ್ಯ ದಿನಗಳಲ್ಲಿ ದಾದಿ ಪ್ರತಿಯೊಬ್ಬ ರೋಗಿಗೂ ತನ್ನಿಂದಾದಷ್ಟು ಮಾಡಬಹುದು. ನೂರಾರು ಗಾಯಾಳುಗಳು ಒಮ್ಮೆಲೇ ಬಂದಾಗ ಅದು ಸಾಧ್ಯವಿಲ್ಲ. ಆಗ ಅವರನ್ನು ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸಬೇಕಾಗುತ್ತದೆ. ತಕ್ಷಣ ಚಿಕಿತ್ಸೆ ಬೇಕಾದವರು ಕೆಂಪು, ಸ್ವಲ್ಪ ಕಾಯಬಲ್ಲವರು ಹಳದಿ, ನಡೆದಾಡಬಲ್ಲವರು ಹಸಿರು, ಸತ್ತವರು ಅಥವಾ ಉಳಿಯುವ ಆಸೆಯಿಲ್ಲದವರು ಕಪ್ಪು. ಕೂಗುವವನಿಗೆ ಉಸಿರಾದರೂ ಇದೆ. ಸದ್ದಿಲ್ಲದೆ ಬಿದ್ದವನನ್ನು ಮೊದಲು ನೋಡಬೇಕು. ಹಣವಂತ, ಬಡವ, ನಮ್ಮವ, ಪರಕೀಯ ಎಂಬ ಭೇದಕ್ಕೆ ಅಲ್ಲಿ ಜಾಗವಿಲ್ಲ. ನ್ಯಾಯದ ಬಗ್ಗೆ ನಾವು ವೇದಿಕೆಯಲ್ಲಿ ಮಾತಾಡುತ್ತೇವೆ. ಆಕೆ ಅದನ್ನು ಕೆಲವೇ ಕ್ಷಣಗಳಲ್ಲಿ ಮಾಡಿ ತೋರಿಸಬೇಕು. ಕೈಬಿಡಬೇಕಾಗಿ ಬಂದ ರೋಗಿಯ ಮುಖವನ್ನೂ ಜೀವನವಿಡೀ ಹೊತ್ತುಕೊಂಡಿರಬೇಕು.

ಹಾಗಾದರೆ ಪ್ರಾಣಾಪಾಯವಿದ್ದರೂ ದುಡಿಯುವುದು ದಾದಿಯ ಕರ್ತವ್ಯವೇ? ವಿದ್ಯೆ ಬಲ್ಲವರ ಮೇಲೆ ಬಲ್ಲದವರಿಗಿಂತ ಹೆಚ್ಚಿನ ಹೊಣೆಯಿದೆ ಎಂಬುದು ನಿಜ. ಆದರೆ ಕರ್ತವ್ಯ ಏಕಮುಖವಲ್ಲ. ಅಪಾಯಕ್ಕೆ ಕಳುಹಿಸುವವರಿಗೂ ಹೊಣೆಯಿದೆ. ಇದಕ್ಕೆ ಕೇರಳದ ಅನುಭವವೇ ಸಾಕ್ಷಿ. 2018ರಲ್ಲಿ ಕೋಝಿಕ್ಕೋಡಿಗೆ ನಿಪಾ ಕಾಲಿಟ್ಟಾಗ ಆರಂಭದಲ್ಲಿ ಅದು ಯಾವ ರೋಗವೆಂದು ಯಾರಿಗೂ ತಿಳಿದಿರಲಿಲ್ಲ. ಪೆರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ರೋಗಿಯ ಆರೈಕೆ ಮಾಡಿ ಸೋಂಕಿಗೆ ತುತ್ತಾದರು. ಪತಿಗೊಂದು ಚಿಕ್ಕ ಪತ್ರ ಬರೆದಿಟ್ಟು ಮೇ 21ರಂದು ತೀರಿಕೊಂಡರು. ಆ ಬಾರಿ ಸೋಂಕಿತರಲ್ಲಿ ಹೆಚ್ಚಿನವರಿಗೆ ರೋಗ ಅಂಟಿದ್ದು ಆಸ್ಪತ್ರೆಗಳಲ್ಲೇ. ಮರುವರ್ಷ ಎರ್ನಾಕುಲಂನಲ್ಲಿ ವಿದ್ಯಾರ್ಥಿಯೊಬ್ಬನಿಗೆ ನಿಪಾ ತಗಲಿತು. ಆತ ಗುಣಮುಖನಾದ, ಬೇರೆ ಯಾರಿಗೂ ರೋಗ ಹರಡಲಿಲ್ಲ. ಅದೃಷ್ಟವೂ ಜೊತೆಗಿತ್ತು ಎನ್ನೋಣ. ಆದರೆ 2019ರ ದಾದಿಯರು 2018ರವರಿಗಿಂತ ಹೆಚ್ಚು ಧೈರ್ಯವಂತರಾಗಿದ್ದರೇ? ಇಲ್ಲ. ಈ ಬಾರಿ ಅವರಿಗೆ ತಿಳಿವಳಿಕೆ, ರಕ್ಷಣಾ ಉಡುಪು, ಪ್ರತ್ಯೇಕ ವಾರ್ಡು ಎಲ್ಲವೂ ಇದ್ದವು.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆ ದೀಪ ನೆನಪಾಗುತ್ತದೆ. ಆದರೆ ಗಾಯಕ್ಕಿಂತ ರೋಗಗಳಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದಾರೆಂದು ಆಕೆ ಲೆಕ್ಕವಿಟ್ಟು ತೋರಿಸಿ ಸರಕಾರವನ್ನು ಪ್ರಶ್ನಿಸಿದ್ದು ಎಷ್ಟು ಮಂದಿಗೆ ನೆನಪಿದೆ? ದೀಪ ಹಿಡಿದ ದಾದಿ ನಮಗೆ ಇಷ್ಟ, ಲೆಕ್ಕ ಕೇಳುವ ದಾದಿ ಇಷ್ಟವಿಲ್ಲ.

2020ರ ಮಾರ್ಚ್ 22ರ ಸಂಜೆ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ಸೋಂಕಿನ ಭಯದಿಂದ ದಾದಿಯರನ್ನು ಬಾಡಿಗೆ ಮನೆಗಳಿಂದ ಹೊರಹಾಕಿದ ಸುದ್ದಿಗಳೂ ಬಂದವು. ಒಂದೇ ತಿಂಗಳಲ್ಲಿ, ಏಪ್ರಿಲ್ 22ರಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನುರಹಿತ ಅಪರಾಧವಾಗಿಸಲು ಸುಗ್ರೀವಾಜ್ಞೆ ತರಬೇಕಾಯಿತು. ಚಪ್ಪಾಳೆ ತಟ್ಟಿದ ಸಮಾಜಕ್ಕೆ ಇಂಥ ಕಾನೂನು ಬೇಕಾದದ್ದೇಕೆ?

ಮುಂದಿನ ಪ್ರವಾಹವೋ ಸಾಂಕ್ರಾಮಿಕವೋ ನಮ್ಮನ್ನು ಕೇಳಿ ಬರುವುದಿಲ್ಲ. ಅದಕ್ಕೆ ಮುಂಚೆಯೇ ನಮ್ಮೂರಿನ ಆಸ್ಪತ್ರೆಯಲ್ಲಿ ಸಾಕಷ್ಟು ದಾದಿಯರಿದ್ದಾರೆಯೇ, ಅವರಿಗೆ ತರಬೇತಿ ಸಿಕ್ಕಿದೆಯೇ, ಅವರ ಕೆಲಸ ಖಾಯಂ ಆಗಿದೆಯೇ, ತುರ್ತು ಬಾಗಿಲು ತೆರೆದುಕೊಳ್ಳುತ್ತದೆಯೇ ಎಂದು ನಾವು ವಿಚಾರಿಸಬೇಕು. ದುರಂತ ಮುಗಿದ ಮೇಲೆ ಅವರಿಗೆ ವಿಶ್ರಾಂತಿಯೂ, ಕಂಡದ್ದನ್ನು ಹೇಳಿಕೊಳ್ಳಲು ಅವಕಾಶವೂ ಸಿಗಬೇಕು. ದಾದಿ ಸಾಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಅದನ್ನು ನಿರ್ವಹಿಸದೆ, ಸತ್ತ ಮೇಲೆ ಆಕೆಯನ್ನು ಹೊಗಳುವ ನೈತಿಕ ಹಕ್ಕು ನಮಗಿಲ್ಲ.