ಹೆಚ್ಚಾಗಿ ಬಂದ ಅಕ್ಕಿ

ಊಟ, ಉಡುಪು, ಮನೆಯ ಅಂದಚಂದ ಇವೆಲ್ಲ ತೀರ ಲೌಕಿಕವಾದ ಸಂಗತಿಗಳು. ಇವುಗಳ ಚರ್ಚೆಗೆ ಮಠದ ಮಾಸಪತ್ರಿಕೆಯಲ್ಲಿ ಎಡೆಯುಂಟೆ ಎಂದು ವಾಚಕ ಮಹಾಶಯರಲ್ಲಿ ಕೆಲವರಾದರೂ ಕೇಳಿಯಾರು. ಕೇಳುವುದು ಸಹಜವೇ. ಆದರೆ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮಂಥವರಿಗೆ ಸಂಸ್ಕಾರದ ಮೊದಲ ಪಾಠ ದೊರೆತದ್ದು ತಟ್ಟೆಯ ಮುಂದೆಯೇ ಎಂಬುದನ್ನು ನೆನೆಯಬೇಕು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಹನ್ನೊಂದು ವರ್ಷದ ಹುಡುಗನಿಗೆ ಅದು ಕಸಿವಿಸಿಯ ವಿಷಯವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅದರ ಅರ್ಥ ಹೊಳೆದದ್ದು ಬಹಳ ತಡವಾಗಿ, ಅದೂ ಮಠದಿಂದ ದೂರದಲ್ಲಿ, ನನ್ನದೇ ಹೊಲದ ಬದುವಿನ ಮೇಲೆ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಸಮೀಪದಲ್ಲಿ ಅಮರೇಶ್ವರ ಕ್ಷೇತ್ರವಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು 12ನೆಯ ಶತಮಾನದಲ್ಲಿ ಅಲ್ಲಿಂದ ಕಲ್ಯಾಣಕ್ಕೆ ಹೋದರೆಂಬುದು ಶರಣಚರಿತ್ರೆಯ ಮಾತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಆತ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲದ್ದು, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ಪುರಾಣದಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೂ ಒಂದು ಸಂದೇಹ ನನ್ನನ್ನು ಬಹುಕಾಲ ಕಾಡಿತು. ಆ ಅಕ್ಕಿ ಕದ್ದದ್ದಲ್ಲ, ಯಾರನ್ನೂ ಬೇಡಿ ತಂದದ್ದಲ್ಲ. ನೆಲದ ಮೇಲೆ ಬಿದ್ದಿತ್ತು. ತಂದವನೂ ತನ್ನ ಹೊಟ್ಟೆಗಾಗಿ ತಂದಿರಲಿಲ್ಲ. ಹಾಗಿದ್ದ ಮೇಲೆ ದೋಷವೆಲ್ಲಿ? ಹೆಚ್ಚು ಅಕ್ಕಿಯಿಂದ ಹೆಚ್ಚು ದಾಸೋಹ ನಡೆಯುತ್ತಿರಲಿಲ್ಲವೆ?

ಈ ಪ್ರಶ್ನೆಯನ್ನು ಬಿಡಿಸಲು ನಮ್ಮೂರಿನ ಕಡೆಗೆ ಬರಬೇಕಾಗುತ್ತದೆ.

ಸಿಂಧನೂರು ತಾಲ್ಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಊರು. ಹೊಳೆ ಕಣ್ಣೆದುರಿಗಿದ್ದರೂ ನಮ್ಮ ಅಜ್ಜನ ಎರೆಹೊಲ ನೆಚ್ಚಿದ್ದು ಮಳೆಯನ್ನೇ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಮಣ್ಣಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ಕುಡಿದು ಬೆಳೆಯುತ್ತಿತ್ತು. ರಾಶಿಯಾದ ಮೇಲೆ ಹಗೇವಿಗೆ ಸುರಿದು ಬಾಯಿ ಮುಚ್ಚುವರು. ಬರ ಬಿದ್ದ ವರ್ಷ ಹಗೇವು ತೆಗೆದರೆ ಓಣಿಯ ನಾಲ್ಕಾರು ಮನೆಗಳಿಗೆ ಕಡ ಕೊಡುವಷ್ಟು ಕಾಳು ಇರುತ್ತಿತ್ತು. ಅನ್ನವೆಂಬುದು ಹಬ್ಬಕ್ಕೆ, ಬೀಗರಿಗೆ, ಬೇನೆ ಬಿದ್ದವರಿಗೆ ಮಾತ್ರ. ದಿನವೂ ಅನ್ನ ಉಣ್ಣುವ ಮನೆಯೆಂದರೆ ಸಿರಿವಂತರ ಮನೆ ಎಂದೇ ನಂಬಿದ್ದೆವು.

1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟೆಯಿಂದ ನೀರು ಬಿಟ್ಟರು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಕೊಪ್ಪಳದ ಕಡೆಯಿಂದ ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನತ್ತ ಹರಿಯಿತು. ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ನಾಟಿ ಮಾಡಿದರು. ನಮ್ಮವರು ಮೊದಲು ನೋಡಿದರು, ಆಮೇಲೆ ಕಲಿತರು, ಕಡೆಗೆ ಕಲಿಸಿದವರನ್ನೂ ಮೀರಿಸಿದರು. ಇಂದು ಸಿಂಧನೂರು, ಗಂಗಾವತಿಗಳ ಸೋನಾ ಮಸೂರಿ ನಾಡಿನ ಅಡುಗೆಮನೆಗಳಲ್ಲೆಲ್ಲ ಬೇಯುತ್ತಿದೆ. ನಮ್ಮ ತಂದೆಯವರೂ ಸಿಂಧನೂರಿನ ಕಡೆ ಕಾಲುವೆ ನೀರಿನ ಹೊಲ ಕೊಂಡರು. ಅದರ ಭತ್ತದಿಂದಲೇ ನಮ್ಮ ಓದು, ತಂಗಿಯ ಮದುವೆ, ಮಾಳಿಗೆ ಮನೆ ಹೋಗಿ ಆರ್.ಸಿ.ಸಿ. ಮನೆ ಎಲ್ಲವೂ ಆದುವು. ಭತ್ತವೋ ಕಣದಿಂದಲೇ ಗಿರಣಿಗೆ ಹೋಗುವ ಮಾಲು, ಹಗೇವಿಗೆ ಕೆಲಸವಿಲ್ಲದಾಯಿತು. ಹೊಸ ಮನೆಗೆ ಪಾಯ ತೆಗೆಯುವಾಗ ಅದನ್ನು ಕಲ್ಲುಮಣ್ಣಿನಿಂದ ತುಂಬಿಸಿದೆವು. ಆಗ ನಮಗೆ ಏನೂ ಅನ್ನಿಸಲಿಲ್ಲ.

ಆದರೆ ಈ ಕಾಲುವೆಯ ಲೆಕ್ಕಾಚಾರವೇ ಬೇರೆ ಇತ್ತು. ಬರಗಾಲದ ಸೀಮೆಯಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪವಾದರೂ ನೀರು ಮುಟ್ಟಲಿ ಎಂಬ ಉದ್ದೇಶದಿಂದ ಬಹುಪಾಲು ಭೂಮಿಯನ್ನು ಜೋಳ, ಹತ್ತಿ, ಶೇಂಗಾಗಳಂಥ ಅರೆನೀರಾವರಿ ಬೆಳೆಗಳಿಗೆ ಗೊತ್ತುಮಾಡಿದ್ದರು. ಭತ್ತಕ್ಕೆಂದು ಇಟ್ಟದ್ದು ಸಣ್ಣ ಪಾಲು. ಜೋಳಕ್ಕೆ ಸಾಲುವ ನೀರಿನ ಎರಡು ಮೂರು ಪಟ್ಟು ನೀರನ್ನು ಭತ್ತ ಬೇಡುತ್ತದೆ. ಮೇಲ್ಭಾಗದವರೆಲ್ಲ ಭತ್ತಕ್ಕೆ ಇಳಿದಾಗ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ ಒಣಗಿದ ಕಾಲುವೆಯೇ ಗತಿಯಾಯಿತು. ಮೇಲ್ಭಾಗದಲ್ಲಿಯೂ ನೀರು ನಿಂತು ನಿಂತು ಎಷ್ಟೋ ಎರೆಭೂಮಿ ಸವಳು ಜವಳಾಯಿತು. ಅಣೆಕಟ್ಟೆಯ ಒಡಲೂ ಮೊದಲಿನಂತೆ ಉಳಿದಿಲ್ಲ, 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ.

ನನ್ನ ತಂಗಿಯನ್ನು ಕೊಟ್ಟಿರುವುದು ಆ ಕೊನೆಯ ಭಾಗದ ಒಂದು ಹಳ್ಳಿಗೆ. ಒಮ್ಮೆ ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತವರಿಗೆ ಬಂದವಳು, ನಮ್ಮ ಗದ್ದೆಯ ಹಸಿರನ್ನು ನೋಡುತ್ತ ನಿಂತು, "ನಿಮ್ಮಲ್ಲಿ ಎರಡನೇ ನಾಟಿ ಆದ ವರ್ಷ ನಮ್ಮ ಕಾಲುವ್ಯಾಗ ಕಪ್ಪಿ ಸೈತ ಕೂಗಂಗಿಲ್ಲ ನೋಡಣ್ಣ" ಎಂದಳು. ಅದರಲ್ಲಿ ಆಕ್ಷೇಪದ ಧ್ವನಿ ಇರಲಿಲ್ಲ. ನಗುತ್ತಲೇ ಹೇಳಿದಳು. ಆಕೆಯ ಮದುವೆಗೆ ಹಣವಾದದ್ದು ಈ ಭತ್ತವೇ, ಆಕೆಯ ಹೊಲವನ್ನು ಒಣಗಿಸಿದ್ದೂ ಈ ಭತ್ತವೇ ಎಂಬ ಮಾತು ಅಂದು ನನ್ನ ತಲೆಯಲ್ಲಿ ಹೊಕ್ಕಿತು. ಲಕ್ಕಮ್ಮನ ಕಥೆಯ ಸಂದೇಹವೂ ಅಲ್ಲಿಯೇ ಕರಗಿತು. ನೆಲದ ಮೇಲೆ ಬಿದ್ದ ಅಕ್ಕಿಗೆ ಒಡೆಯನಿಲ್ಲವೆಂದು ನಾನು ತಿಳಿದಿದ್ದೆ. ನಾಳೆ ಆಯಲು ಬರುವ ಇನ್ನೊಬ್ಬನು ಲಕ್ಕಮ್ಮನ ಕಣ್ಣಿಗೆ ಕಂಡಿದ್ದನು.

ಮನುಷ್ಯನ ಬೆಳವಣಿಗೆ ಎಂಬ ಮಾತನ್ನು ಈಚೆಗೆ ಎಲ್ಲೆಲ್ಲಿಯೂ ಕೇಳುತ್ತೇವೆ; ವ್ಯಕ್ತಿತ್ವ ವಿಕಸನದ ಶಿಬಿರಗಳು ನಡೆಯುತ್ತವೆ. ಒಳ್ಳೆಯದೇ. ಆದರೆ ರೊಟ್ಟಿಯಿಂದ ಅನ್ನಕ್ಕೆ, ಮಣ್ಣಿನ ಮಾಳಿಗೆಯಿಂದ ಆರ್.ಸಿ.ಸಿ.ಗೆ ಏರಿದ ನಾವು ಬೆಳೆದೆವೋ, ಬರಿದೆ ಹೆಚ್ಚಿದೆವೋ? ಬೆಳೆ ಬೆಳೆದರೆ ತೆನೆ ಬಾಗುತ್ತದೆ. ಹೊಳೆ ಹೆಚ್ಚಿದರೆ ದಂಡೆ ಕೊಚ್ಚುತ್ತದೆ. ನಾನು ಉಣ್ಣುವ, ಉಡುವ ವಸ್ತುವಿನ ಆಚೆಯ ತುದಿಯಲ್ಲಿ ಯಾರಿದ್ದಾರೆಂಬುದು ಎಷ್ಟು ದೂರದವರೆಗೆ ಕಾಣುತ್ತದೆಯೋ ಅಷ್ಟೇ ನನ್ನ ಬೆಳವಣಿಗೆ ಎಂದು ನನಗೆ ತೋರುತ್ತದೆ.

ಉಡುಪಿನ ವಿಷಯವೂ ಹೀಗೆಯೇ. ನಮ್ಮ ತಾಯಿ ಉಡುತ್ತಿದ್ದುದು ಇಳಕಲ್ ಸೀರೆ. ಅದರ ಒಡಲು ಹತ್ತಿಯದು, ಟೋಪ್ ತೆನಿಯ ಕೆಂಪು ಸೆರಗು ರೇಷ್ಮೆಯದು. ಎರಡನ್ನು ಹೊಲಿದು ಜೋಡಿಸುವುದಿಲ್ಲ. ಸೆರಗಿನ ಹಾಸಿನ ಎಳೆಗಳನ್ನೂ ಒಡಲಿನ ಹಾಸಿನ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ನೇಯುತ್ತಾರೆ. ಬಗ್ಗಿ ದುಡಿಯುವ ಮೈಗೆ ತಾಳುವ ಹತ್ತಿ, ತಲೆಯ ಮೇಲೆ ಹೊದೆಯುವ ಸೆರಗಿಗೆ ಮಾತ್ರ ರೇಷ್ಮೆ! ಅಂದಕ್ಕೆ ಎಷ್ಟು ಬೇಕು, ಎಲ್ಲಿ ಬೇಕು ಎಂಬುದನ್ನು ನೇಕಾರನು ಮಗ್ಗದ ಮೇಲೆಯೇ ತೀರ್ಮಾನಿಸಿದಂತಿದೆ. ನೈಲಾನು ಬಂದಾಗ ನಮ್ಮ ಹೆಣ್ಣುಮಕ್ಕಳು ಇದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಮಗಳು ಹಬ್ಬದ ದಿನ ಕಚೇರಿಗೆ ಇಳಕಲ್ ಉಟ್ಟು ಹೋಗುತ್ತಾಳೆ. ಅದೇ ಈಗಿನ ಫ್ಯಾಷನ್ನಂತೆ. ಜೋಳಕ್ಕೂ ಅದೇ ಯೋಗ ಬಂದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಬಡವರ ರೊಟ್ಟಿ ಪೊಟ್ಟಣ ಸೇರಿ ದೊಡ್ಡ ಅಂಗಡಿಗಳನ್ನು ಹೊಕ್ಕಿತು. ಇದನ್ನು ನಾನು ಹಳಿಯಲಾರೆ. ಫ್ಯಾಷನ್ನಿನ ನೆಪದಿಂದಲಾದರೂ ಒಂದು ಕೈಮಗ್ಗ ಉಳಿದರೆ ಉಳಿಯಲಿ. ಆದರೆ ತಾನು ಉಟ್ಟದ್ದು ಕೈಮಗ್ಗದ ಸೀರೆಯೋ ಪವರ್‌ಲೂಮಿನದೋ ಎಂದು ಮಗಳಿಗೆ ತಿಳಿಯದು. ಕೊಂಡಿಯನ್ನು ತೋರಿಸಿಕೊಟ್ಟಾಗ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು.

ರೊಟ್ಟಿಯ ಗುಣಗಾನ ಮಾಡಿ ನಾನೊಮ್ಮೆ ಭಾಷಣ ಬರೆಯುತ್ತಿದ್ದಾಗ ತಾಯಿ ಕೇಳಿದ ಮಾತನ್ನೂ ಇಲ್ಲಿ ಮುಚ್ಚಿಡುವುದು ತರವಲ್ಲ. "ರೊಟ್ಟಿ ಛಲೋ ಅಂತ ಬರೀತಿಯಲ್ಲೋ ತಮ್ಮಾ, ಬಡಿಯೋ ಕೈ ಯಾರದು?" ಐವತ್ತು ವರ್ಷ ಒಲೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡವಳ ಮಾತು ಅದು. ಅನ್ನ ಬಂದದ್ದರಿಂದ ಆಕೆಗೆ ಬೆಳಗಿನ ಎರಡು ಗಂಟೆ ಬಿಡುವು ದೊರೆತಿತ್ತು. 2013ರಲ್ಲಿ ಅನ್ನಭಾಗ್ಯ ಬಂದಾಗ ಕೂಲಿಗೆ ಹೋಗುವ ಹೆಂಗಸರು ಎಷ್ಟು ಹಿಗ್ಗಿದರೆಂಬುದನ್ನೂ ಕಂಡಿದ್ದೇನೆ. ಗಂಡಸರು ಹೇಳುವ ಸರಳ ಜೀವನದ ಭಾರವನ್ನು ಹೊರುವವರು ಹೆಂಗಸರಾದರೆ, ಅಂಥ ಸರಳತೆಗೆ ಏನು ಬೆಲೆ? ತಾಯಿಗೆ ಅಂದು ಉತ್ತರ ಕೊಡಲಿಲ್ಲ. ಭಾಷಣವನ್ನೂ ಮುಗಿಸಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ನೀರೆಲ್ಲ ಹೊಳೆಯ ಪಾಲಾಗುವುದೆಂದು ನಮ್ಮ ಸೀಮೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಆ ವಾರದಲ್ಲಿ ನಾನು ಎರಡು ಎಕರೆಗೆ ನಾಟಿ ಮಾಡಿಸದೆ ಬಿಟ್ಟೆ; ಹಿಂಗಾರಿಯಲ್ಲಿ ಅಲ್ಲಿ ಜೋಳ ಬಿತ್ತುವುದೆಂದು ನಿಶ್ಚಯಿಸಿದೆ. ತಾತ್ಕಾಲಿಕ ಗೇಟು ಕೂಡಿಸಿ ನೀರು ನಿಲ್ಲಿಸಿದರು, ಮಳೆಯೂ ಕೈಹಿಡಿಯಿತು, ಅಣೆಕಟ್ಟೆ ಮತ್ತೆ ತುಂಬಿತು. ಸುತ್ತಲಿನವರೆಲ್ಲ ಎರಡನೆಯ ಬೆಳೆಗೂ ಸಿದ್ಧರಾದರು. ನಾನು ನಿಶ್ಚಯ ಬದಲಿಸಲಿಲ್ಲ.

ಫಲವೇನಾಯಿತು? ಅಕ್ಕಪಕ್ಕದ ಗದ್ದೆಗಳಿಂದ ಬಸಿದ ನೀರಿಗೆ ಒಂದು ಮಗ್ಗುಲಿನ ಜೋಳ ಹಳದಿಗಟ್ಟಿತು. ತೆನೆ ಹಾಲುಗಾಳಾದಾಗ ಸೀಮೆಯ ಹಕ್ಕಿಗಳೆಲ್ಲ ಇದೊಂದೇ ಹೊಲಕ್ಕೆ ಇಳಿದುವು. ಹತ್ತಾರು ಹೊಲಗಳಿಗೆ ಹಂಚಿಹೋಗಬೇಕಾಗಿದ್ದ ಹಸಿವು ಅದು. ಮನೆಗೆ ಬಂದದ್ದು ಮೂರು ಚೀಲ ಮಾತ್ರ. ರಾಶಿಗೆ ಬಂದ ತಂಗಿ ಕಾಳನ್ನು ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದಳು. ನೀರು ಹೆಚ್ಚು ಬಂತೇನವ್ವ ಎಂದು ಕೇಳಿದೆ. ಬಂದಿರಲಿಲ್ಲ. ನಾನು ಬಿಟ್ಟ ನೀರು ಮಾನ್ವಿಯವರೆಗೆ ಹೋಗಿರಲಿಲ್ಲ, ಪಕ್ಕದ ಗದ್ದೆಯವನ ಮಡಿಗೆ ಹೋಗಿತ್ತು. ಲಕ್ಕಮ್ಮನಿಗೆ ಹೆಚ್ಚಾದದ್ದನ್ನು ಸುರಿಯಲು ಎಲ್ಲರೂ ಬರುವ ಒಂದು ಅಂಗಳವಿತ್ತು. ನಮಗೆ ಅಂಥದ್ದಿಲ್ಲ.

ಪಕ್ಕದ ಗದ್ದೆಯವರು ಸಜ್ಜನರು, ನಮ್ಮ ಮಠದಲ್ಲಿಯೇ ಓದಿದವರು. ಮುಂದಿನ ನಾಟಿಗೆ ಮೊದಲು ಒಂದು ಸಂಜೆ ಅವರ ಮನೆಗೆ ಹೋದೆ. ಬದುವಿಗೆ ಹೊಂದಿದ ಐದು ಜನ ಕೂಡಿ ತಲಾ ಎರಡು ಎಕರೆ ಜೋಳಕ್ಕೆ ಬಿಟ್ಟರೆ ಹಕ್ಕಿಯ ಪಾಲೂ ಹಂಚಿಹೋಗುತ್ತದೆ, ಬಸಿನೀರೂ ತಪ್ಪುತ್ತದೆ, ಉಳಿದ ನೀರು ತೂಬಿನಿಂದ ಕೆಳಗೆ ಇಳಿಯುತ್ತದೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ರೊಟ್ಟಿ ಬಡಿಯುವ ಯಂತ್ರಕ್ಕೆ ಎಷ್ಟಾಗುತ್ತದೆಂದು ಕೇಳಿದರು. ಒಳಗಿನಿಂದ ಅವರ ಮನೆಯವರು ಬಾಗಿಲಿಗೆ ಬಂದು ನಿಂತು, ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.