ಕಾಗದ ತರುವವನ ಕೂಲಿ



ಶುಭವಾರ್ತೆ ತರುವವನ ಪಾದಗಳನ್ನು ಪ್ರವಾದಿ ಯೆಶಾಯರು ಕೊಂಡಾಡುತ್ತಾರೆ. ಆ ಪಾದಗಳು ಸಂಜೆ ಮನೆಗೆ ಮರಳಿದಾಗ ಒಲೆಯ ಮೇಲೆ ಏನಿರುತ್ತದೆ ಎಂದು ನಾವು ವಿಚಾರಿಸುವುದಿಲ್ಲ.

ನಮ್ಮ ಹಳ್ಳಿಗಳಿಗೆ ಅಂಚೆ ತರುವವರು ಹೆಚ್ಚಾಗಿ ಗ್ರಾಮೀಣ ಡಾಕ್ ಸೇವಕರು. ಹಿಂದೆ ಇವರಿಗೆ 'ಇಲಾಖೇತರ' ನೌಕರರೆಂದು ಹೆಸರಿತ್ತು. ದೇಶದಲ್ಲಿ ಇವರ ಸಂಖ್ಯೆ ಎರಡು ಲಕ್ಷಕ್ಕೂ ಮಿಗಿಲು. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂಬ ಲೆಕ್ಕದಲ್ಲಿ ಇವರಿಗೆ ಸಂಬಳವಲ್ಲ, ಭತ್ಯೆ. ಜೀವನಕ್ಕೆ ಬೇರೆ ಆದಾಯ ಇರಬೇಕೆಂಬುದು ನಿಯಮ. ಸರ್ಕಾರಿ ನೌಕರರಿಗಿರುವ ಪಿಂಚಣಿ ಇಲ್ಲ. ರಜೆ ಬೇಕಾದರೆ ಬದಲಿಯವನನ್ನು ತಾನೇ ಹುಡುಕಿ ಒಪ್ಪಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಆ ಬದಲಿಯವನ ಪಾಡು ಇನ್ನೂ ಕಷ್ಟ: ದುಡಿದ ದಿನಗಳ ಹಣ ಬಿಟ್ಟರೆ ಅವನಿಗೆ ಯಾವ ಹಕ್ಕೂ ಇಲ್ಲ.

ಇವರು ದಿನಗೂಲಿಗಳಲ್ಲ, ಸರ್ಕಾರದ ಅಧೀನದಲ್ಲಿ ಹುದ್ದೆ ಹೊಂದಿದವರು ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತು. ಆದರೂ 2018ರ ಮೇ ತಿಂಗಳಲ್ಲಿ ಇವರು ದೇಶದಾದ್ಯಂತ ಮುಷ್ಕರ ಹೂಡಬೇಕಾಯಿತು. ಅನಂತರ ಅಂಚೆ ಹಂಚುವವರ ಕನಿಷ್ಠ ಮೂಲ ಭತ್ಯೆ ನಾಲ್ಕು ಗಂಟೆಗೆ 10,000, ಐದು ಗಂಟೆಗೆ 12,000 ರೂಪಾಯಿ ಎಂದು ನಿಗದಿಯಾಯಿತು.

"ಒಪ್ಪಿಯೇ ಕೆಲಸಕ್ಕೆ ಸೇರಿದ್ದಾರಲ್ಲ?" ಎಂದು ಕೆಲವರು ಕೇಳಬಹುದು. ಪೋಪ್ 13ನೇ ಲಿಯೋರವರು 1891ರ ತಮ್ಮ ವಿಶ್ವಪತ್ರದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಇಬ್ಬರ ನಡುವಿನ ಒಪ್ಪಂದಕ್ಕಿಂತಲೂ ಹಿರಿದಾದ, ಹಳೆಯದಾದ ನ್ಯಾಯವೊಂದಿದೆ. ಮಿತವಾಗಿ ಬಾಳುವ ಕೆಲಸಗಾರನ ಜೀವನಕ್ಕೆ ಕೂಲಿ ಸಾಲಬೇಕು ಎಂಬುದು ಅವರ ಬೋಧನೆ. ಹಸಿದವನು ಕೊಡುವ ಒಪ್ಪಿಗೆ ಅರ್ಧ ಒಪ್ಪಿಗೆ, ಉಳಿದರ್ಧ ನಿರುಪಾಯ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿ ಮುಟ್ಟುತ್ತದೆಂದು ಸಂತ ಯಾಕೋಬರು ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಅಂಚೆಯ ಕೆಲಸ ಎಂದೂ ನಿಂತದ್ದಿಲ್ಲ. ಕೆಲಸ ಕಾಯಂ ಆಗಿರುವಾಗ ಕೆಲಸಗಾರ ಮಾತ್ರ ತಾತ್ಕಾಲಿಕ ಹೇಗಾದಾನು? ಈ ಪ್ರಶ್ನೆಯನ್ನು ಸರ್ಕಾರಕ್ಕೆ ಮಾತ್ರ ಕೇಳಿ ಕೈತೊಳೆದುಕೊಳ್ಳಲು ನಮಗೆ ಬರುವುದಿಲ್ಲ. ನಮ್ಮ ಮನೆ, ತೋಟ, ಶಾಲೆ, ದೇವಾಲಯಗಳಲ್ಲಿ ವರ್ಷಗಟ್ಟಲೆ 'ತಾತ್ಕಾಲಿಕ'ರಾಗಿ ದುಡಿಯುವವರು ಎಷ್ಟು ಮಂದಿ?

ಬಿಸಿಲಲ್ಲಿ ಬಂದ ಅಂಚೆಯವನಿಗೆ ಒಂದು ಲೋಟ ಮಜ್ಜಿಗೆ ಕೊಡುವುದು ಪ್ರೀತಿ, ಕೊಡೋಣ. ಆದರೆ ಅವನಿಗೆ ಮೊದಲು ಸಲ್ಲಬೇಕಾದದ್ದು ನ್ಯಾಯ. ಈ ವಾರ ಕುಟುಂಬ ಪ್ರಾರ್ಥನೆಗೆ ಕುಳಿತಾಗ, ನಮಗಾಗಿ ದುಡಿಯುವ ಒಬ್ಬರ ಹೆಸರು ಹೇಳಿ ಪ್ರಾರ್ಥಿಸೋಣ. ಎದ್ದ ಮೇಲೆ ಅವರ ಕೂಲಿಯ ಲೆಕ್ಕ ನೋಡೋಣ.